ಬೆಟ್ಟು, ಮಜಲು, ಬೈಲು: ಈ ಹೆಸರುಗಳು ಎತ್ತರದವೋ, ನೀರಿನವೋ?

ಉಡುಪಿ ಪೇಟೆಯೊಳಗೇ ಕುಂಜಿಬೆಟ್ಟು ಇದೆ, ಬೈಲೂರೂ ಇದೆ. ಮೈಸೂರಿನಿಂದ ಬಂದ ಗೆಳೆಯರೊಬ್ಬರು ಕುಂಜಿಬೆಟ್ಟಿನಲ್ಲಿ ಬಸ್ಸಿಳಿದು "ಬೆಟ್ಟ ಎಲ್ಲಿ?" ಎಂದು ಕೇಳಿದರು. ಆವತ್ತಿನಿಂದ ಈ ಪದಗಳು ತಲೆಯಲ್ಲಿ ಕೂತಿವೆ.

ನಮ್ಮ ಕಡೆ ಬೇಸಾಯದವರ ಬಾಯಲ್ಲಿ ಬೆಟ್ಟು ಎಂದರೆ ಮಳೆಯನ್ನೇ ನಂಬಿದ ಮೇಲಿನ ಗದ್ದೆ. ವರ್ಷಕ್ಕೆ ಏಣೆಲು, ಅಂದರೆ ಮಳೆಗಾಲದ ಬೆಳೆ, ಒಂದೇ. ಅದರ ಕೆಳಗಿನದು ಮಜಲು. ಅಲ್ಲಿ ಏಣೆಲು ಕೊಯ್ದ ಮೇಲೆ ಸುಗ್ಗಿಯೂ ಆಗುತ್ತದೆ. ತೀರಾ ಕೆಳಗೆ, ತೋಡಿನ (ಸಣ್ಣ ಹಳ್ಳದ) ಬದಿಯದು ಬೈಲು. ಅಲ್ಲಿ ಮೂರನೆಯ ಬೆಳೆ ಕೊಳಕೆಯೂ ಉಂಟು. ಒಳನಾಡಿನವರಿಗೆ ಸುಗ್ಗಿ ಎಂದರೆ ಕೊಯ್ಲಿನ ಕಾಲ, ನಮಗೆ ಅದು ಎರಡನೆಯ ಬೆಳೆಯ ಹೆಸರು. ಬಯಲು ಅವರಿಗೆ ತೆರೆದ ಜಾಗ, ನಮಗೆ ಒದ್ದೆ ಗದ್ದೆ.

ಇವೆಲ್ಲ ಎತ್ತರ ನೋಡಿ ಇಟ್ಟ ಹೆಸರು ಅಂತ ಅಂದುಕೊಂಡಿದ್ದೆ. ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ದೊಡ್ಡಪ್ಪನ ಜೊತೆ ಗದ್ದೆಗೆ ಹೋಗಿದ್ದೆ. ನಾಲ್ಕು ದಿನದಿಂದ ಮಳೆ ಬಿಟ್ಟಿತ್ತು. ಬೆಟ್ಟುಗದ್ದೆಯಲ್ಲಿ ನೇಜಿಯ (ಭತ್ತದ ಸಸಿಯ) ಬುಡದ ಮಣ್ಣು ಕೂದಲೆಳೆಯಷ್ಟು ಬಿರಿದಿತ್ತು. ನಾಲ್ಕೈದು ಹುಣಿ (ಗದ್ದೆಯ ಬದು) ದಾಟಿ ಬೈಲಿಗೆ ಕಾಲಿಟ್ಟರೆ ಮೊಣಕಾಲಿನ ತನಕ ಹೂತುಹೋಯಿತು. ಎರಡರ ನಡುವೆ ಒಂದಾಳು ಎತ್ತರವೂ ಇಲ್ಲ!

ದೊಡ್ಡಪ್ಪ ಈಗ ಆ ಬೆಟ್ಟುಗದ್ದೆಗೆ ಬೋರಿನ ನೀರು ಬಿಟ್ಟು ಎರಡು ಬೆಳೆ ತೆಗೆಯುತ್ತಾರೆ. "ಹಾಗಾದರೆ ಇದು ಮಜಲಾಯಿತು ಅಲ್ವಾ?" ಎಂದು ಕೇಳಿದೆ. "ಅದು ಹೇಗೆ ಆಗ್ತದೆ ಮಾರಾಯ? ನೀರು ನಾವು ಕೊಟ್ಟದ್ದು. ಗದ್ದೆ ಹಿಡಿದದ್ದಲ್ಲವಲ್ಲ" ಅಂದರು.

ಈ ಮಾತು ನನಗೆ ತುಂಬಾ ಹಿಡಿಸಿತು. ಎಷ್ಟು ಬೆಳೆ ಬಂತು ಎಂಬುದು ಲೆಕ್ಕಕ್ಕಿಲ್ಲ. ಮಣ್ಣು ತಾನಾಗಿ ಎಷ್ಟು ದಿನ ನೀರು ಹಿಡಿಯುತ್ತದೆ ಎಂಬುದರ ಮೇಲೆ ಹೆಸರು ನಿಂತಿದೆ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆ ಕಾಲದ ಕಂದಾಯದ ಕಡತದಲ್ಲಿ ಭೂಮಿ ನಂಜ (ನೀರಿನ ಗದ್ದೆ), ಪುಂಜ (ಒಣ ಭೂಮಿ), ಬಾಗಾಯ್ತು (ತೋಟ). ಅದು ತೀರ್ವೆ ಕಟ್ಟುವವರ ವಿಂಗಡಣೆ. ಉಳುವವರದೇ ಬೇರೆ.

ಕುಂದಾಪುರ, ಕಾರ್ಕಳ ಕಡೆಯವರು ದಯವಿಟ್ಟು ಹೇಳಿ: ಬೋರು ಹಾಕಿದ ಬೆಟ್ಟನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಾರೆ? ಬೈಲಿಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟರೆ ಅದು ಆಮೇಲೂ ಬೈಲೇನಾ, ಇಲ್ಲ ಬರೀ ತೋಟವಾ? ಹಾಗೆಯೇ, ಬೆಟ್ಟ ಮತ್ತು ಬೆಟ್ಟು ಒಂದೇ ಬೇರಿನವಾ?