ಪ್ರೀಮಿಯರ್ ಲೀಗ್‌ನ ಖರ್ಚಿನ ನಿಯಮ: ಕ್ಲಬ್ ಉಳಿಸೋಕಾ, ದೊಡ್ಡವರ ಜಾಗ ಕಾಯೋಕಾ?

ಮ್ಯಾಗ್ಪೈ_ರವಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ ನಾನು ನ್ಯೂಕ್ಯಾಸಲ್ ಕ್ಲಬ್‌ನ ಅಭಿಮಾನಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲಿಯಟ್ ಆ್ಯಂಡರ್ಸನ್ ವಿಷಯ ನನಗೆ ಇನ್ನೂ ಅರಗಿಲ್ಲ. ಪಕ್ಕದ ವಿಟ್ಲಿ ಬೇ ಕಡೆಯ ಹುಡುಗ, ಚಿಕ್ಕಂದಿನಿಂದ ನಮ್ಮ ಅಕಾಡೆಮಿಯಲ್ಲೇ ಬೆಳೆದವನು. 2024ರ ಜೂನ್ ಕೊನೆಯಲ್ಲಿ ಅವನನ್ನು 3.5 ಕೋಟಿ ಪೌಂಡ್‌ಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿದರು. ಕೋಚ್ ಎಡ್ಡಿ ಹೌಗೆ ಅವನು ಬೇಡವಾಗಿರಲಿಲ್ಲ. ಜೂನ್ 30ಕ್ಕೆ ಲೆಕ್ಕ ಮುಗಿಸಬೇಕಿತ್ತು, ಅಷ್ಟೇ. ಅದೇ ಹೊತ್ತಲ್ಲಿ ಯಾಂಕುಬಾ ಮಿಂಟೆಯನ್ನೂ ಬ್ರೈಟನ್‌ಗೆ ಕೊಟ್ಟರು. ಈಗ ಆ್ಯಂಡರ್ಸನ್ ಇಂಗ್ಲೆಂಡ್ ತಂಡಕ್ಕೂ ಆಡಿದ್ದಾನೆ.

2025-26ರವರೆಗಿನ ನಿಯಮ ಏನು ಅಂದ್ರೆ, ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ಮಾಡಬಾರದು. ಅದೂ ಮಾಲೀಕರು ಕೈಯಿಂದ ಹಣ ಹಾಕಿ ತುಂಬಿಕೊಟ್ಟರೆ ಮಾತ್ರ, ಇಲ್ಲದಿದ್ದರೆ 1.5 ಕೋಟಿ. ನಮ್ಮ ಮಾಲೀಕರು 2021ರಲ್ಲಿ ಬಂದ ಸೌದಿ ಸರ್ಕಾರದ ಹೂಡಿಕೆ ನಿಧಿ, ದುಡ್ಡಿಗೆ ಬರವಿಲ್ಲ. ಆದರೆ ಹಾಕುವ ಹಾಗಿಲ್ಲ. 2003ರಲ್ಲಿ ಅಬ್ರಮೊವಿಚ್ ಬಂದು ಚೆಲ್ಸಿಗೆ ಸುರಿದರು, 2008ರಲ್ಲಿ ಶೇಖ್ ಮನ್ಸೂರ್ ಬಂದು ಮ್ಯಾಂಚೆಸ್ಟರ್ ಸಿಟಿಗೆ ಸುರಿದರು, ಅದಕ್ಕೂ ಮುಂಚೆ ಜ್ಯಾಕ್ ವಾಕರ್ ಹಣದಲ್ಲಿ ಬ್ಲ್ಯಾಕ್‌ಬರ್ನ್ 1995ರಲ್ಲಿ ಲೀಗ್ ಗೆದ್ದಿತು. ಅವರೆಲ್ಲ ಮೇಲೆ ಹತ್ತಿದ ಮೇಲೆ 2013ರಲ್ಲಿ ಈ ನಿಯಮ ತಂದು ಏಣಿ ತೆಗೆದುಬಿಟ್ಟರು ಅನಿಸುವುದಿಲ್ವಾ?

ಎರಡು ಪ್ರಶ್ನೆ. ಇದು ಯಾವ ರೀತಿಯಲ್ಲಿ ನ್ಯಾಯ? ಮತ್ತೆ, ಲೆಕ್ಕ ಸರಿಮಾಡಲು ಎಲ್ಲರೂ ಸ್ವಂತ ಅಕಾಡೆಮಿ ಹುಡುಗರನ್ನೇ ಯಾಕೆ ಮಾರುತ್ತಾರೆ?

ಸುಧಾ_ಆಡಿಟ್

ರವಿಯವರೇ, ಲೆಕ್ಕಪತ್ರ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ.

ಕೊಂಡ ಆಟಗಾರನ ಬೆಲೆ ಪುಸ್ತಕದಲ್ಲಿ ಒಂದೇ ಸಲಕ್ಕೆ ಖರ್ಚಾಗಿ ಬೀಳುವುದಿಲ್ಲ. 10 ಕೋಟಿ ಕೊಟ್ಟು 5 ವರ್ಷಕ್ಕೆ ಸಹಿ ಹಾಕಿಸಿಕೊಂಡರೆ ವರ್ಷಕ್ಕೆ 2 ಕೋಟಿ ಎಂದು ಬರೆಯುತ್ತಾರೆ. ಎರಡು ವರ್ಷ ಕಳೆದ ಮೇಲೆ ಅವನ ಪುಸ್ತಕ ಬೆಲೆ 6 ಕೋಟಿ. ಆಗ 7 ಕೋಟಿಗೆ ಮಾರಿದರೆ ಸಿಗುವ ಲಾಭ ಒಂದೇ ಕೋಟಿ. ಅಕಾಡೆಮಿ ಹುಡುಗನ ಪುಸ್ತಕ ಬೆಲೆ ಸೊನ್ನೆ. ಆ್ಯಂಡರ್ಸನ್‌ಗೆ ಬಂದ 3.5 ಕೋಟಿ ಪೂರ್ತಿ ಆ ವರ್ಷದ ಲಾಭ. ಇನ್ನೊಂದು ವಿಷಯ ಇದೆ, ಇದನ್ನು ಜನ ಗಮನಿಸುವುದು ಕಡಿಮೆ: ಅಕಾಡೆಮಿಗೆ, ಮಹಿಳಾ ತಂಡಕ್ಕೆ, ಕ್ರೀಡಾಂಗಣಕ್ಕೆ ಹಾಕಿದ ಖರ್ಚನ್ನು ಈ ನಷ್ಟದ ಲೆಕ್ಕದಿಂದ ಬಿಟ್ಟಿರುತ್ತಾರೆ. ಅಂದರೆ ಹುಡುಗನನ್ನು ಬೆಳೆಸಿದ ಖರ್ಚು ಲೆಕ್ಕಕ್ಕಿಲ್ಲ, ಮಾರಿದ ಲಾಭ ಮಾತ್ರ ಲೆಕ್ಕಕ್ಕಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಇಲ್ಲಿ ಹಿತ್ತಲ ಗಿಡವನ್ನು ಕಿತ್ತು ಮಾರುವುದೇ ಮದ್ದು.

ಮುಂದಕ್ಕೆ ನೋಡಿ. 3.5 ಕೋಟಿ ಲಾಭ ತೋರಿಸಿದ ಕ್ಲಬ್ಬು ಆ ವರ್ಷದ ಲೆಕ್ಕದಲ್ಲಿ 17.5 ಕೋಟಿ ಬೆಲೆಯ ಆಟಗಾರರನ್ನು 5 ವರ್ಷದ ಕರಾರಿನ ಮೇಲೆ ಕೊಳ್ಳಬಹುದು, ಸಂಬಳ ಬೇರೆ. ಆದರೆ ಮುಂದಿನ ನಾಲ್ಕು ವರ್ಷವೂ ಅದೇ 3.5 ಕೋಟಿ ಖರ್ಚು ಬರುತ್ತಲೇ ಇರುತ್ತದೆ. ಅದನ್ನು ತುಂಬಲು ಮುಂದಿನ ಜೂನ್‌ಗೆ ಇನ್ನೊಬ್ಬ ಹುಡುಗ ಬೇಕು. ಚೆಲ್ಸಿ 2023ರಲ್ಲಿ ಮೇಸನ್ ಮೌಂಟ್‌ನನ್ನು, 2024ರಲ್ಲಿ ಕಾನರ್ ಗ್ಯಾಲಗರ್‌ನನ್ನು ಮಾರಿದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಅದೇ ಚೆಲ್ಸಿ ಮುದ್ರಿಕ್‌ಗೆ, ಎನ್ಜೊ ಫೆರ್ನಾಂಡೆಸ್‌ಗೆ ಎಂಟೂವರೆ ವರ್ಷದ ಕರಾರು ಕೊಟ್ಟು ವರ್ಷದ ಖರ್ಚನ್ನು ತೆಳುವಾಗಿ ಹರಡಿಕೊಂಡಿತ್ತು. 2023ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್ ಎರಡೂ ಇದನ್ನು 5 ವರ್ಷಕ್ಕೆ ಕಟ್ಟಿಹಾಕಿದವು.

ಮೊದಲ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ನಿಯಮ ಇರಬೇಕು. ಈ ನಿಯಮ ಅಳೆಯುತ್ತಿರುವುದು ತಪ್ಪು ವಸ್ತುವನ್ನು.

ನೀಲಿ_ಬಂದರು

ನಾನು ಪೋರ್ಟ್ಸ್‌ಮತ್ ಅಭಿಮಾನಿ. ಮಾಲೀಕನ ಹತ್ತಿರ ದುಡ್ಡಿದೆ, ಹಾಕಲಿ ಬಿಡಿ ಎನ್ನುವವರು ಒಮ್ಮೆ ನಮ್ಮ ಕಥೆ ಕೇಳಬೇಕು. 2008ರಲ್ಲಿ ಎಫ್‌ಎ ಕಪ್ ಗೆದ್ದೆವು. 2010ಕ್ಕೆ ದಿವಾಳಿ ಆಡಳಿತಕ್ಕೆ ಹೋದೆವು, ಪ್ರೀಮಿಯರ್ ಲೀಗ್‌ನಲ್ಲಿ ಇರುವಾಗಲೇ ಹಾಗಾದ ಮೊದಲ ಕ್ಲಬ್ ನಮ್ಮದು. 9 ಪಾಯಿಂಟ್ ಹೋಯಿತು, ಲೀಗ್‌ನಿಂದ ಕೆಳಗಿಳಿದೆವು, ಕೆಲವೇ ವರ್ಷದಲ್ಲಿ ನಾಲ್ಕನೇ ಹಂತಕ್ಕೆ ಬಿದ್ದೆವು. ಕಪ್ ತಂದುಕೊಟ್ಟ ಆಟಗಾರರ ಸಂಬಳ ಕ್ಲಬ್‌ನ ಆದಾಯದಿಂದ ಬರುತ್ತಿರಲಿಲ್ಲ, ಮಾಲೀಕನ ಮನಸ್ಸು ಇರುವವರೆಗೆ ಮಾತ್ರ ಬರುತ್ತಿತ್ತು. ಮಾಲೀಕ ಕೈ ತೊಳೆದುಕೊಂಡ ದಿನ ಕರಾರುಗಳು ಮಾತ್ರ ಕ್ಲಬ್ ತಲೆ ಮೇಲೆ ಉಳಿದವು.

ಬರಿ ಕ್ಲಬ್ಬಿನದು ಇನ್ನೂ ಕೆಟ್ಟದ್ದು. 1885ರಲ್ಲಿ ಶುರುವಾದ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ತೆಗೆದುಹಾಕಿದರು. ಆ ಊರಿನವರು ಶನಿವಾರ ಮಧ್ಯಾಹ್ನ ಎಲ್ಲಿಗೆ ಹೋಗಬೇಕು?

ರವಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಂದು ದೇಶದ ಖಜಾನೆ ಬೆನ್ನಿಗಿರುವ ಕ್ಲಬ್‌ಗೆ ಮಿತಿಯೇ ಇಲ್ಲ ಎಂದಾದರೆ ಉಳಿದ ಕ್ಲಬ್‌ಗಳು ಏನು ಮಾಡಬೇಕು? ಅವರೂ ಸಾಲ ಮಾಡಿ ಹಿಂದೆ ಓಡುತ್ತಾರೆ. ಪೋರ್ಟ್ಸ್‌ಮತ್‌ಗಳು ಹುಟ್ಟುವುದೇ ಹಾಗೆ.

ಮರ್ಸಿಸೈಡ್_ಕನ್ನಡಿಗ

ಲಿವರ್‌ಪೂಲ್ ಊರಲ್ಲಿ ಇದ್ದೇನೆ, ಎವರ್ಟನ್ ಕಡೆಯವನು. 2023ರ ನವೆಂಬರ್ 17ಕ್ಕೆ, ಈ ನಿಯಮ ಮೀರಿದ್ದಕ್ಕೆ ನಮಗೆ 10 ಪಾಯಿಂಟ್ ಕಡಿತ ಎಂದು ಬಂತು. ಮುಂದಿನ ಮ್ಯಾಚ್ ಆಗಿನ ನಮ್ಮ ಮೈದಾನ ಗೂಡಿಸನ್‌ನಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ. ಸಾವಿರಾರು ಜನ ಗುಲಾಬಿ ಬಣ್ಣದ ಕಾರ್ಡು ಎತ್ತಿ ಹಿಡಿದಿದ್ದರು, ಮೇಲೆ ಪ್ರೀಮಿಯರ್ ಲೀಗ್‌ನ ಸಿಂಹದ ಗುರುತು, ಕೆಳಗೆ 'ಭ್ರಷ್ಟ' ಎನ್ನುವ ಒಂದೇ ಮಾತು ಇಂಗ್ಲಿಷ್‌ನಲ್ಲಿ. ಮೂರನೇ ನಿಮಿಷಕ್ಕೇ ಯುನೈಟೆಡ್‌ನ ಗರ್ನಾಚೊ ಬೈಸಿಕಲ್ ಕಿಕ್‌ನಲ್ಲಿ ಗೋಲು ಹೊಡೆದ, ಆದರೂ ಕಾರ್ಡುಗಳು ಕೆಳಗಿಳಿಯಲಿಲ್ಲ. 3-0 ಸೋತೆವು.

ನಮ್ಮ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. 12.45 ಕೋಟಿ ನಷ್ಟ, ಮಿತಿಗಿಂತ 1.95 ಕೋಟಿ ಜಾಸ್ತಿ. ವರ್ಷಗಟ್ಟಲೆ ಕಂಡಕಂಡವರನ್ನು ಕೊಂಡದ್ದು ಎಲ್ಲರಿಗೂ ಗೊತ್ತು. ನನ್ನ ಸಿಟ್ಟು ಅಳತೆಯ ಮೇಲೆ. ದಿವಾಳಿಯಾದ ಪೋರ್ಟ್ಸ್‌ಮತ್‌ಗೆ 9, ಒಬ್ಬರಿಗೂ ಸಂಬಳ ಬಾಕಿ ಇಟ್ಟುಕೊಳ್ಳದ ನಮಗೆ 10? ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಏಪ್ರಿಲ್‌ನಲ್ಲಿ ಎರಡನೇ ಪ್ರಕರಣಕ್ಕೆ ಇನ್ನೂ 2 ಹೋಯಿತು. ಮಿತಿಗಿಂತ 3.45 ಕೋಟಿ ಜಾಸ್ತಿ ಹೋದ ಫಾರೆಸ್ಟ್‌ಗೆ 4. ಎಷ್ಟು ತಪ್ಪಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿಯನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಒಂದೇ ಸೀಸನ್‌ನಲ್ಲಿ ನಮ್ಮ ಪಾಯಿಂಟ್ ಪಟ್ಟಿ ಮೂರು ಸಲ ಕಚೇರಿಯಲ್ಲಿ ಬದಲಾಯಿತು!

ಮ್ಯಾಂಚೆಸ್ಟರ್ ಸಿಟಿ ಮೇಲೆ 2023ರ ಫೆಬ್ರವರಿಯಲ್ಲಿ ಹಣಕಾಸು ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಹಾಕಿದರು. ಅದರ ವಿಚಾರಣೆ ಶುರುವಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ನಮ್ಮ ಎರಡು ಪ್ರಕರಣ ಮುಗಿದು ಶಿಕ್ಷೆಯೂ ಆಗಿಹೋಗಿತ್ತು. ಸಿಟಿ ಆರೋಪ ಒಪ್ಪಿಲ್ಲ, ಹೋರಾಡುವ ಹಕ್ಕು ಅವರಿಗಿದೆ, ಅದು ಸರಿ. ಆದರೆ ಒಳ್ಳೆಯ ವಕೀಲರನ್ನು ಇಡಲು ದುಡ್ಡಿದ್ದವರಿಗೆ ಸಮಯವೂ ಸಿಗುತ್ತೆ, ಅದನ್ನು ನೋಡಿಕೊಂಡು ಸುಮ್ನೆ ಇರೋಕೆ ಆಗಲ್ಲ.

ಸುಧಾ_ಆಡಿಟ್

ಮರ್ಸಿಸೈಡ್ ಅವರೇ, ಪಾಯಿಂಟ್ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ನನಗೆ ಜಾಸ್ತಿ ಕಾಡುತ್ತದೆ. ನಿಮ್ಮ ಮೊದಲ ಪ್ರಕರಣದ ಲೆಕ್ಕ ಮುಗಿದದ್ದು 2021-22ಕ್ಕೆ. ಆ ವರ್ಷ ಎವರ್ಟನ್ 39 ಪಾಯಿಂಟ್‌ನಲ್ಲಿ ಉಳಿಯಿತು, ಬರ್ನ್ಲಿ 35ಕ್ಕೆ ಕೆಳಗಿಳಿಯಿತು. 6 ಪಾಯಿಂಟ್‌ನ್ನು ಆ ವರ್ಷವೇ ಕಡಿದಿದ್ದರೆ ಎವರ್ಟನ್ 33. ಬರ್ನ್ಲಿ ಉಳಿಯುತ್ತಿತ್ತು. ಶಿಕ್ಷೆ ಬಿದ್ದದ್ದು 2023-24ರಲ್ಲಿ, ಆಗ ಅದರಿಂದ ಬರ್ನ್ಲಿಗೆ ಬಂದ ಲಾಭ ಏನೂ ಇಲ್ಲ. ಮಿತಿ ಮೀರಿ ಕಟ್ಟಿದ ತಂಡದ ಎದುರು ಸೋತವನು ಒಬ್ಬ, ಎರಡು ವರ್ಷ ಬಿಟ್ಟು ಬಂದ ನ್ಯಾಯ ಇನ್ಯಾರದೋ ಪಾಲಿಗೆ. 2023ರಲ್ಲಿ ನಿಯಮ ತಿದ್ದಿ, ಲೆಕ್ಕ ಮುಗಿದ ಮರು ಸೀಸನ್‌ನಲ್ಲೇ ತೀರ್ಪು ಬರುವ ಹಾಗೆ ಮಾಡಿದರು. ಫಾರೆಸ್ಟ್ ಪ್ರಕರಣ, ನಿಮ್ಮ ಎರಡನೇ ಪ್ರಕರಣ ಆ ದಾರಿಯಲ್ಲೇ ನಡೆದವು. ಅದೊಂದು ಒಳ್ಳೆಯ ಬದಲಾವಣೆ.

ಫಾರೆಸ್ಟ್‌ಗೆ ಮಿತಿ 10.5 ಅಲ್ಲ, 6.1 ಕೋಟಿ ಮಾತ್ರ ಇತ್ತು ಅನ್ನೋದನ್ನೂ ಮರೆಯಬೇಡಿ. ಕೆಳಗಿನ ಲೀಗ್‌ನಲ್ಲಿ ಕಳೆದ ಪ್ರತಿ ವರ್ಷಕ್ಕೆ 3.5ರ ಬದಲು 1.3 ಕೋಟಿ ಲೆಕ್ಕ ಹಾಕುತ್ತಾರೆ. ತಂಡ ಕಟ್ಟಿಕೊಳ್ಳುವ ತುರ್ತು ಯಾರಿಗೆ ಜಾಸ್ತಿಯೋ ಅವರಿಗೇ ಮಿತಿ ಕಡಿಮೆ. ತಮ್ಮ ಆಟಗಾರ ಬ್ರೆನನ್ ಜಾನ್ಸನ್‌ನನ್ನು ಜೂನ್ ಒಳಗೆ ಮಾರಿದ್ದರೆ ಕಡಿಮೆ ಬೆಲೆ ಸಿಗುತ್ತಿತ್ತು, ಅದಕ್ಕೆ ಸೆಪ್ಟೆಂಬರ್ 1ರವರೆಗೆ ಕಾದು ಟಾಟನ್‌ಹ್ಯಾಮ್‌ಗೆ 4.75 ಕೋಟಿಗೆ ಕೊಟ್ಟರು. ವ್ಯಾಪಾರವಾಗಿ ನೋಡಿದರೆ ಜಾಣತನ, ನಿಯಮದ ಪ್ರಕಾರ ತಪ್ಪು.

ಹ್ಯಾಟರ್ಸ್_ಹರೀಶ

ಎಲ್ಲರೂ ಜಾಸ್ತಿ ಖರ್ಚು ಮಾಡಿದವರ ನೋವು ಹೇಳುತ್ತಿದ್ದೀರಿ. ಮಿತಿಯೊಳಗೆ ಇದ್ದವರ ಮಾತು ಯಾರಾದರೂ ಕೇಳ್ತೀರಾ?

ಲೂಟನ್. ಕೆನಿಲ್‌ವರ್ತ್ ರೋಡ್ ಮೈದಾನದ ಫೋಟೋ ನೋಡಿ. ಸಾಲುಮನೆಗಳ ನಡುವೆ ಒಂದು ಸಂದು, ಅದರೊಳಗೆ ಟಿಕೆಟ್ ಗೇಟು, ಮೆಟ್ಟಿಲು ಹತ್ತಿ ಹೋಗುವಾಗ ಪಕ್ಕದಲ್ಲೇ ಯಾರದೋ ಮನೆ ಹಿತ್ತಲು, ಬಟ್ಟೆ ಒಣಗಲು ಹಾಕಿರುತ್ತಾರೆ. ಸುಮಾರು 12 ಸಾವಿರ ಜನ ಹಿಡಿಸುವ ಮೈದಾನ. 2023ರಲ್ಲಿ ಪ್ರೀಮಿಯರ್ ಲೀಗ್‌ಗೆ ಬಂದಾಗಲೂ ಕೈಲಾದಷ್ಟೇ ಖರ್ಚು ಮಾಡಿದರು. 26 ಪಾಯಿಂಟ್‌ಗೆ ಕೆಳಗಿಳಿದರು. ಮುಂದಿನ ವರ್ಷ ಇನ್ನೂ ಒಂದು ಹಂತ ಕೆಳಗೆ. 4 ಪಾಯಿಂಟ್ ಕಳೆದುಕೊಂಡ ಫಾರೆಸ್ಟ್ 32ರಲ್ಲಿ ಉಳಿದು, ಮುಂದಿನ ವರ್ಷ ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು. ಈಗ ಹೇಳಿ, ಮೇಲೆ ಬಂದ ಕ್ಲಬ್ಬಿನ ಮಾಲೀಕ ಇದರಿಂದ ಯಾವ ಪಾಠ ಕಲಿಯುತ್ತಾನೆ? 2023-24ರಲ್ಲಿ ಬಂದ ಮೂರೂ ತಂಡ ವಾಪಸ್, 2024-25ರಲ್ಲಿ ಬಂದ ಮೂರೂ ವಾಪಸ್.

2026-27ರಿಂದ ಹೊಸ ನಿಯಮ ಅಂತ 2025ರ ನವೆಂಬರ್‌ನಲ್ಲಿ ವೋಟು ಹಾಕಿದರು. ನಷ್ಟದ ಬದಲು ಆಟಗಾರರ ಸಂಬಳ, ಖರೀದಿ, ಏಜೆಂಟ್ ಫೀಸು ಎಲ್ಲ ಸೇರಿ ಆದಾಯದ 85% ಒಳಗಿರಬೇಕು. ಯುಇಎಫ್‌ಎಯಲ್ಲಿ ಇದು 70%. ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ: 70 ಕೋಟಿ ಆದಾಯದವನು 59.5 ಕೋಟಿ ಖರ್ಚು ಮಾಡಬಹುದು, 15 ಕೋಟಿ ಆದಾಯದವನು 12.75. ಸಿಟಿಯ ಆದಾಯ 2023-24ರಲ್ಲೇ 70 ಕೋಟಿ ದಾಟಿತ್ತು. ಕೊನೆಯ ಸ್ಥಾನದ ಕ್ಲಬ್‌ಗೆ ಲೀಗ್‌ನಿಂದ ಬರುವ ಹಣದ ಐದು ಪಟ್ಟಿಗಿಂತ ಜಾಸ್ತಿ ಯಾರೂ ಖರ್ಚು ಮಾಡಬಾರದು ಎಂಬ ಇನ್ನೊಂದು ಪ್ರಸ್ತಾವವೂ ಆ ದಿನ ಮೇಜಿನ ಮೇಲಿತ್ತು. ದೊಡ್ಡವರನ್ನು ತಡೆಯುವ ಪ್ರಸ್ತಾವ ಅಂದ್ರೆ ಅದೊಂದೇ. ಅದು ಬಿದ್ದುಹೋಯಿತು.

ವೆಸ್ಟ್‌ಬ್ಲಾಕ್_ಬ್ಲೂ

ಬೆಂಗಳೂರಿಂದ ಒಂದು ಮಾತು. ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ತಂಡದ ಸಂಬಳಕ್ಕೆ ಮಿತಿ ಇತ್ತು. ಆದರೂ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಬೇಕಾಯಿತು, ಯಾಕಂದ್ರೆ ಲೀಗ್ ನಡೆಯುತ್ತೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲ. ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು. ಖರ್ಚಿಗೆ ಮಿತಿ ಹಾಕುವುದು ಸುಲಭ. ಆದಾಯ ಎಲ್ಲಿಂದ, ಯಾರಿಗೆ ಎಷ್ಟು ಎನ್ನುವುದು ಗಟ್ಟಿಯಾಗದಿದ್ದರೆ ಮಿತಿ ಇದ್ದೂ ಕ್ಲಬ್ ಉಳಿಯಲ್ಲ. ಹರೀಶ ಹೇಳಿದ್ದಕ್ಕೆ ನನ್ನ ವೋಟು.

ಮ್ಯಾಗ್ಪೈ_ರವಿ

ಎಲ್ಲರಿಗೂ ಥ್ಯಾಂಕ್ಸ್. ನೀಲಿ_ಬಂದರು ಅವರ ಮಾತು ಒಪ್ಪುತ್ತೇನೆ, ಮಿತಿಯೇ ಬೇಡ ಎಂದು ನಾನೂ ಹೇಳುವುದಿಲ್ಲ. ಆದರೆ ನನಗೆ ಸಹಿಸಲಾಗದ್ದು ಇದು: ಚೆಲ್ಸಿ ತನ್ನ ಎರಡು ಹೋಟೆಲ್‌ಗಳನ್ನು ತನ್ನದೇ ಬಳಗದ ಕಂಪನಿಗೆ 7.65 ಕೋಟಿಗೆ ಮಾರಿ ಅದನ್ನು ಲಾಭ ಎಂದು ತೋರಿಸಿತು, ಮಹಿಳಾ ತಂಡವನ್ನೂ ಹಾಗೇ ಮಾರಿತು. ಪ್ರೀಮಿಯರ್ ಲೀಗ್ ಒಪ್ಪಿಕೊಂಡಿತು. ಯುಇಎಫ್‌ಎ ಅಂಥ ಮಾರಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, 2025ರಲ್ಲಿ ಚೆಲ್ಸಿಗೆ 3.1 ಕೋಟಿ ಯುರೋ ದಂಡ ಹಾಕಿತು. ಹೋಟೆಲ್ ಇದ್ದವರು ಹೋಟೆಲ್ ಮಾರಿದರು, ನಾವು ಆ್ಯಂಡರ್ಸನ್‌ನನ್ನು ಮಾರಿದೆವು.

ಸುಧಾ ಮೇಡಂ, ಒಂದು ಕೇಳುತ್ತೇನೆ. ಖರೀದಿಯನ್ನು 5 ವರ್ಷಕ್ಕೆ ಹರಡುತ್ತಾರಲ್ಲ, ಅಕಾಡೆಮಿ ಹುಡುಗನ ಮಾರಾಟದ ಲಾಭವನ್ನೂ ಹಾಗೇ ಹರಡಿದರೆ ಜೂನ್ 30ರ ಈ ಸಂತೆ ನಿಲ್ಲುವುದಿಲ್ವಾ?

ಸುಧಾ_ಆಡಿಟ್

ಅರ್ಧ ನಿಲ್ಲುತ್ತದೆ. ಯುಇಎಫ್‌ಎ ತನ್ನ ಲೆಕ್ಕದಲ್ಲಿ ಆಟಗಾರರ ಮಾರಾಟದ ಲಾಭವನ್ನು ಮೂರು ವರ್ಷದ ಸರಾಸರಿಯಾಗಿ ತೆಗೆದುಕೊಳ್ಳುತ್ತದೆ, ಹಾಗಾಗಿ ಒಂದೇ ವಾರದ ಮಾರಾಟದಿಂದ ಆ ವರ್ಷ ದಾಟಿಕೊಳ್ಳುವುದು ಅಲ್ಲಿ ಕಷ್ಟ. ಆದರೆ ಕೊಂಡವನಿಗಿಂತ ಬೆಳೆಸಿದವನನ್ನು ಮಾರಿದರೆ ಲಾಭ ಜಾಸ್ತಿ ಎನ್ನುವುದು ಅಲ್ಲೂ ಹಾಗೇ ಇದೆ. ನಾನಾದರೆ ಇನ್ನೊಂದು ಹೆಜ್ಜೆ ಹಾಕುತ್ತೇನೆ: ಇಂತಿಷ್ಟು ವರ್ಷ ಸ್ವಂತ ಅಕಾಡೆಮಿಯಲ್ಲಿ ಬೆಳೆದು ಮೊದಲ ತಂಡದಲ್ಲಿ ಆಡುತ್ತಿರುವ ಹುಡುಗನ ಸಂಬಳವನ್ನು ಆ 85% ಲೆಕ್ಕದಿಂದ ಪೂರ್ತಿ ಹೊರಗಿಡಬೇಕು. ಆಗ ಅವನನ್ನು ಉಳಿಸಿಕೊಂಡರೂ ಕ್ಲಬ್‌ಗೆ ಲಾಭ. ಕ್ಲಬ್‌ನ ಹೆಚ್ಚಿನ ಮತ ಅದರ ಸದಸ್ಯರ ಕೈಯಲ್ಲೇ ಇರಬೇಕೆನ್ನುವ ಜರ್ಮನಿಯ 50+1 ನಿಯಮವನ್ನು ಇಂಗ್ಲೆಂಡಿಗೆ ತನ್ನಿ ಎನ್ನುವುದಕ್ಕಿಂತ ಇದು ಸುಲಭ, ಯಾರ ಒಡೆತನವನ್ನೂ ಮುಟ್ಟಬೇಕಿಲ್ಲ.

ಪ್ರೀಮಿಯರ್ ಲೀಗ್‌ನಲ್ಲಿ ನಿಯಮ ಬದಲಿಸಲು 20ರಲ್ಲಿ 14 ವೋಟು ಬೇಕು. 85% ನಿಯಮ ಪಾಸಾಗಿದ್ದೂ ಸರಿಯಾಗಿ 14 ವೋಟಿಗೇ. 7 ಕ್ಲಬ್ ಬೇಡ ಎಂದರೆ ಮುಗಿಯಿತು, ಅಕಾಡೆಮಿ ಹುಡುಗರನ್ನು ಮಾರಿಯೇ ಲೆಕ್ಕ ಸರಿದೂಗಿಸುವ ಕ್ಲಬ್‌ಗಳು ಅಷ್ಟಂತೂ ಇವೆ.