ಟ್ಯೂನರ್ ಡ್ರೈವರ್ ತೋರಿಸುವ ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಅನ್ನೋ ಅಳತೆ) ಶೇಕಡಾ ನಂಬಬಹುದಾ?

ಡಿಶ್_ಮಿತ್ರ: ಒಂದೇ ಡಿಶ್, ಒಂದೇ ಕೇಬಲ್, ಒಂದೇ ಚಾನೆಲ್ (ಉಪಗ್ರಹ ಟಿವಿಯ ಡಿವಿಬಿ-ಎಸ್2 ಪದ್ಧತಿ, 8ಪಿಎಸ್‌ಕೆ 3/4). ಹಳೇ ಯುಎಸ್‌ಬಿ ಟ್ಯೂನರ್‌ನಲ್ಲಿ ಫೆಮಾನ್ (ಸಿಗ್ನಲ್ ಅಳತೆ ತೋರಿಸುವ ಲಿನಕ್ಸ್ ಪ್ರೋಗ್ರಾಂ) ಎಸ್‌ಎನ್‌ಆರ್ 70% ಅನ್ನುತ್ತದೆ, ಹೊಸ ಕಾರ್ಡ್‌ನಲ್ಲಿ 0%. ಚಿತ್ರ ಮಾತ್ರ ಎರಡರಲ್ಲೂ ಚೆನ್ನಾಗಿದೆ. ಕಾರ್ಡ್ ವಾಪಸ್ ಕೊಡಲಾ?

ಬಿಟ್‌ಲೆಕ್ಕ: ಬೇಡ. ಡ್ರೈವರ್ ಮತ್ತು ಪ್ರೋಗ್ರಾಂ ನಡುವಿನ ಹಳೇ ಡಿವಿಬಿ ಎಪಿಐನಲ್ಲಿ ಎಸ್‌ಎನ್‌ಆರ್ ಅಂದರೆ 16 ಬಿಟ್‌ನ ಒಂದು ಸಂಖ್ಯೆ, ಅಷ್ಟೇ. ಕೆಲವು ಡ್ರೈವರ್‌ಗಳು ಅದನ್ನು 0ಯಿಂದ 65535ರವರೆಗೆ ಹಿಗ್ಗಿಸಿ ಕೊಡುತ್ತವೆ, ಕೆಲವು 0.1 ಡೆಸಿಬೆಲ್ ಲೆಕ್ಕದಲ್ಲಿ ಕೊಡುತ್ತವೆ, ಇನ್ನು ಕೆಲವು ಚಿಪ್ ಹೇಳಿದ್ದನ್ನು ಹಾಗೇ ದಾಟಿಸುತ್ತವೆ. ಫೆಮಾನ್‌ಗೆ ಶೇಕಡಾ ತೋರಿಸುವ -ಎಚ್ ಕೊಡದೆ ಓಡಿಸಿ, ಹೆಕ್ಸ್ ಎಷ್ಟು ಬರುತ್ತೆ ಹೇಳಿ.

ಡಿಶ್_ಮಿತ್ರ: 008ಸಿ.

ಬಿಟ್‌ಲೆಕ್ಕ: ಅಂದರೆ 140. ಹೆಚ್ಚುಕಮ್ಮಿ 14 ಡೆಸಿಬೆಲ್ ಇರಬೇಕು. ಫೆಮಾನ್ ಅದನ್ನು 65535ರಿಂದ ಭಾಗಿಸಿ 0.2% ಮಾಡಿ, 0 ಅಂತ ತೋರಿಸುತ್ತಿದೆ. ನಿಮ್ಮ ಚಾನೆಲ್‌ಗೆ ಸುಮಾರು 8 ಡೆಸಿಬೆಲ್ ಸಾಕು, ಜೋರು ಮಳೆಗೂ ಒಂದಿಷ್ಟು ಉಳಿಕೆ ಇದೆ.

ತಂತಿಬಳ್ಳಿ: ಶೇಕಡಾ ಪೂರ್ತಿ ವೇಸ್ಟ್ ಅನ್ನೋದು ಜಾಸ್ತಿಯಾಯ್ತು. ಡಿಶ್ ಹೊಂದಿಸುವಾಗ ಸಂಖ್ಯೆ ಏರ್ತಿದೆಯೋ ಇಳೀತಿದೆಯೋ ಗೊತ್ತಾದರೆ ಸಾಕಲ್ವಾ? ಟ್ಯೂನರ್ ಒಂದೇ ಆಗಿದ್ದರೆ ಅಳತೆ ಯಾವುದಾದರೇನು?

ಬಿಟ್‌ಲೆಕ್ಕ: ಎಸ್‌ಎನ್‌ಆರ್‌ಗೆ ಅದು ಸರಿ. ಆದರೆ ಜನ ಸ್ಟ್ರೆಂತ್ (ಒಟ್ಟು ಸಿಗ್ನಲ್‌ನ ಬಲ) ನೋಡಿಕೊಂಡು ಡಿಶ್ ತಿರುಗಿಸುತ್ತಾರೆ, ನನ್ನ ತಕರಾರು ಅಲ್ಲಿದೆ. ಸ್ಟ್ರೆಂತ್‌ನಲ್ಲಿ ನಾಯ್ಸ್ ಕೂಡ ಸೇರಿರುತ್ತದೆ, ಪಕ್ಕದ ಉಪಗ್ರಹ ಸಿಕ್ಕರೂ ಏರುತ್ತದೆ. ಆಂಪ್ಲಿಫೈಯರ್ ಹಾಕಿ ಸ್ಟ್ರೆಂತ್ 95ಕ್ಕೆ ತಂದು, ಟ್ಯೂನರ್ ತಾಳಲಾರದೆ ಚಿತ್ರ ಒಡೆಯೋದೂ ಉಂಟು. ಆಗ ಬೇಕಾದ್ದು ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್, ಇನ್ನೊಂದು ಆಂಪ್ಲಿಫೈಯರ್ ಅಲ್ಲ.

ಕರ್ನಲ್_ಓದುಗ: ಇಷ್ಟೆಲ್ಲ ಊಹೆ ಯಾಕೆ? 2013ರಲ್ಲಿ ಬಂದ ಎಪಿಐ 5.10ರಿಂದ ಸಂಖ್ಯೆಯ ಜೊತೆ ಸ್ಕೇಲ್ ಕೂಡ ಬರುತ್ತದೆ. ಡೆಸಿಬೆಲ್ ಸ್ಕೇಲ್ ಆದರೆ 0.001 ಡೆಸಿಬೆಲ್ ಲೆಕ್ಕ, ರಿಲೇಟಿವ್ ಆದರೆ 0–65535, ಅಳೆಯಲು ಬರದಿದ್ದರೆ ‘ಲಭ್ಯವಿಲ್ಲ’. ಗೊತ್ತಿಲ್ಲದಿದ್ದರೆ ಡ್ರೈವರ್ ಹಾಗಂತಲೇ ಹೇಳಬೇಕು, ಸುಮ್ನೆ ಒಂದು ಸಂಖ್ಯೆ ಕೊಡಬಾರದು. ಇದನ್ನು ಓದಿ ತೋರಿಸುವ ಡಿವಿಬಿ-ಎಫ್‌ಇ-ಟೂಲ್ ಪ್ರೋಗ್ರಾಂ ಬಳಸಿ ನೋಡಿ.

ತಂತಿಬಳ್ಳಿ: ಡ್ರೈವರ್‌ಗಳೆಲ್ಲ ಹಾಗೆ ಬದಲಾಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನನ್ನ ಸ್ಟಿಕ್ ಈಗಲೂ ರಿಲೇಟಿವ್ ಅಂತಲೇ ಹೇಳುತ್ತದೆ. ಅದರಲ್ಲಿ 60 ಒಳ್ಳೆಯದಾ ಕೆಟ್ಟದ್ದಾ, ಹೇಗೆ ತಿಳಿಯೋದು?

ಕರ್ನಲ್_ಓದುಗ: ಯುಎನ್‌ಸಿ ನೋಡಿ, ತಿದ್ದಲಾಗದೆ ಬಿಟ್ಟ ಬ್ಲಾಕ್‌ಗಳ ಎಣಿಕೆ ಅದು. ಚಾನೆಲ್ ಬದಲಿಸಿದ ಕೂಡಲೇ ಒಂದಷ್ಟು ಬರೋದು ಸಹಜ, ಆಮೇಲೆ ಏರಬಾರದು. ಕೆಲವು ಡ್ರೈವರ್‌ಗಳು ಓದಿದಾಗಲೆಲ್ಲ ಅದನ್ನು ಸೊನ್ನೆ ಮಾಡುತ್ತವೆ, ಕೆಲವು ಕೂಡಿಸುತ್ತಾ ಹೋಗುತ್ತವೆ, ಇನ್ನು ಕೆಲವು ಎಣಿಸುವುದೇ ಇಲ್ಲ. ಹಾಗಾಗಿ ಮೊದಲು ಡಿಶ್ ಸ್ವಲ್ಪ ಸರಿಸಿ, ಬೇಕಂತಲೇ ಚಿತ್ರ ಕೆಡಿಸಿ. ಆಗಲೂ 0 ಇದ್ದರೆ ಆ ಸೊನ್ನೆಯನ್ನು ನಂಬಬೇಡಿ. ಚಿತ್ರ ಒಡೆಯುವಾಗ ಎಸ್‌ಎನ್‌ಆರ್ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಿ, ನಿಮ್ಮ 60 ಅದಕ್ಕಿಂತ ಎಷ್ಟು ಮೇಲಿದೆ ಅನ್ನೋದೇ ಲೆಕ್ಕಕ್ಕೆ ಬರೋದು.

ಡಿಶ್_ಮಿತ್ರ: ಹೊಸ ಕಾರ್ಡ್‌ನಲ್ಲಿ ಹಾಗೇ ಮಾಡಿದೆ. 0052ಕ್ಕೆ ಇಳಿದಾಗ ಯುಎನ್‌ಸಿ ಏರತೊಡಗಿತು, ಚಿತ್ರ ಚೌಕ ಚೌಕವಾಯಿತು.

ಬಿಟ್‌ಲೆಕ್ಕ: 82, ಅಂದರೆ 8.2 ಡೆಸಿಬೆಲ್. ಕಾರ್ಡ್ ಇಟ್ಟುಕೊಳ್ಳಿ.