ಆರು ಕಾಲಿನ ಗಾಡಿಗೆ ಎಷ್ಟನೇ ನಂಬರ್ ಮೆಟ್ಟು?

(ಡ್ಯಾಲಸ್ ಹತ್ತಿರದ ಒಂದು ಮನೆ ಮುಂದೆ ಹಳೇ ರಾಮ್ 3500 ಪಿಕಪ್. ಮುಂದೆ ಎರಡು ಚಕ್ರ, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಸುತ್ತ ನಾಲ್ವರು, ಕೈಯಲ್ಲಿ ಕಾಫಿ.)

ಗುರು: ಆರೂ ಟಯರ್ ಬೋಳಾಗಿವೆ. ಈ ಸಲ ಕಂಪನಿ ಅಳತೆ 235/80ಆರ್17 ಬೇಡಪ್ಪ, 265/70ಆರ್17 ಹಾಕಿಸ್ತೀನಿ. ಹಿಂದಿನಿಂದ ನೋಡಿದ್ರೆ ಗಾಡಿ ದಷ್ಟಪುಷ್ಟವಾಗಿ ಕಾಣ್ಬೇಕು.

ಶೇಷಣ್ಣ: ಹಿಂದೆ ನಾಲ್ಕು ಚಕ್ರ ಇಟ್ಕೊಂಡೂ ಸೊಂಟ ಸಾಲ್ದು ಅಂತೀಯಲ್ಲೋ! ಮೊದಲನೇ ಸಂಖ್ಯೆ ಟಯರ್ ಅಗಲ, ಮಿಲಿಮೀಟರ್‌ನಲ್ಲಿ. ಎರಡನೇದು ಪಕ್ಕೆ ಎತ್ತರ, ಅಗಲದ ನೂರಕ್ಕೆ ಇಷ್ಟು ಅಂತ.

ಪಾರ್ವತಿ: ಲೆಕ್ಕ ಹಾಕು. 235ರಲ್ಲಿ ನೂರಕ್ಕೆ 80 ಅಂದ್ರೆ 188. ಮೇಲೊಂದು ಕೆಳಗೊಂದು, 376. ಮಧ್ಯೆ 17 ಇಂಚಿನ ರಿಮ್, 432. ಒಟ್ಟು 808 ಮಿ.ಮೀ. ನಿನ್ನ 265ಕ್ಕೆ? 371 ಪ್ಲಸ್ 432, 803. ದಪ್ಪ ಆಯ್ತು, 5 ಮಿ.ಮೀ. ಕುಳ್ಳೂ ಆಯ್ತು.

ಉಮೇಶ: ಮದುವೆ ಆದ ಮೇಲೆ ಗುರು ಆದ ಹಾಗೇ!

ಗುರು: ಆದ್ರೆ ಭಾರ ಜಾಸ್ತಿ ಹೊರತ್ತಲ್ವಾ?

ಶೇಷಣ್ಣ: ಹೊರತ್ತೆ, ಕಾಗದದ ಮೇಲೆ. 235ರ ಪಕ್ಕೆ ಓದು, ಭಾರದ ಸಂಕೇತ 120/117 ಅಂತಿದೆ. ಒಂಟಿಯಾಗಿದ್ರೆ 1400 ಕೆ.ಜಿ., ಜೋಡಿಯಲ್ಲಿದ್ರೆ 1285. ಇಬ್ಬರಿಗೂ ಭಾರ ಯಾವತ್ತೂ ಸಮ ಬೀಳಲ್ಲ, ನಡುವೆ ಗಾಳಿ ಆಡೋದೂ ಕಮ್ಮಿ; ಅದಕ್ಕೇ ಆ ಕಡಿತ. 265ಕ್ಕೆ ಜೋಡಿಯಲ್ಲಿ 1320. ಒಂದಕ್ಕೆ 35 ಕೆ.ಜಿ., ನಾಲ್ಕಕ್ಕೆ 140. ಅಷ್ಟಕ್ಕೂ ಆಕ್ಸಲ್ ಎಷ್ಟು ತಡೆಯತ್ತೆ ಅನ್ನೋದು ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ. ಟಯರ್ ಬದಲಾಯಿಸಿದ್ರೆ ಆ ಸಂಖ್ಯೆ ಬದಲಾಗಲ್ಲ.

ಪಾರ್ವತಿ: ಇನ್ನೊಂದು, ನಿನ್ನ ರಿಮ್ ಅಗಲ 6 ಇಂಚು. 265ಕ್ಕೆ ಕಡಿಮೆ ಅಂದ್ರೂ 7 ಬೇಕು.

ಗುರು: ಒತ್ತಿ ಕೂರಿಸಿದ್ರಾಯ್ತು.

ಶೇಷಣ್ಣ: ಕೂರತ್ತೆ, ಎಂಟನೇ ನಂಬರ್ ಕಾಲು ಆರನೇ ನಂಬರ್ ಮೆಟ್ಟಲ್ಲಿ ಕೂತ ಹಾಗೆ. ಈಗ ಅಸಲು ವಿಷ್ಯಕ್ಕೆ ಬಾ, ಎರಡು ಟಯರ್ ನಡುವಿನ ಸಂದಿ. ರಿಮ್ ಮೇಲೆ ಆಫ್‌ಸೆಟ್ ಒತ್ತಿರ್ತಾರೆ, ಅಂದ್ರೆ ರಿಮ್ ನಡುಮಧ್ಯದಿಂದ ಅದನ್ನ ಬಿಗಿಯೋ ಮುಖಕ್ಕೆ ಎಷ್ಟು ಮಿ.ಮೀ. ಅಂತ. 136 ಅಂತಿದೆ ಅನ್ಕೋ. ಒಳಗಿನ ರಿಮ್ಮೂ ಹೊರಗಿನದೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿರೋದ್ರಿಂದ ಅದರ ಎರಡರಷ್ಟು, 272 ಮಿ.ಮೀ., ಒಂದು ಟಯರ್ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ. ಅದರಲ್ಲಿ ಟಯರ್ ಅಗಲ ಕಳಿ. 235 ಹಾಕಿದ್ರೆ 37 ಉಳಿಯತ್ತೆ. 265 ಹಾಕಿದ್ರೆ?

ಉಮೇಶ: ಏಳು. ಕಿರುಬೆರಳೂ ತೂರಲ್ಲ.

ಶೇಷಣ್ಣ: ಅದೂ ಖಾಲಿ ಗಾಡಿಯಲ್ಲಿ. ಟ್ರೇಲರ್ ಕೊಂಡಿ ಹಾಕಿದ ಕೂಡ್ಲೇ ನೆಲ ಮುಟ್ಟೋ ಕಡೆ ಎರಡೂ ಹೊಟ್ಟೆ ಬಿಡ್ತವೆ, ಹೊಟ್ಟೆಗೆ ಹೊಟ್ಟೆ ತಾಗತ್ತೆ. ಪ್ರತಿ ಸುತ್ತಿಗೂ ಉಜ್ಜಿ, ಕಾದು, ಪಕ್ಕೆ ರಬ್ಬರ್ ಹೋಗಿ ಒಳಗಿನ ದಾರ ಕಾಣತ್ತೆ. ಕಾಣತ್ತೆ ಅಂದೆ, ಯಾರಿಗೆ? ಅದು ಒಳಮುಖ. ನಿನಗೆ ಗೊತ್ತಾಗೋದು ಢಬ್ ಅಂದಾಗ್ಲೇ.

ಗುರು: ಎರಡು ರಿಮ್ ಮಧ್ಯೆ ಒಂದು ಸ್ಪೇಸರ್ ಬಿಲ್ಲೆ ಇಟ್ರೆ?

ಶೇಷಣ್ಣ: ಹೊರಗಿನ ಚಕ್ರ ಇನ್ನೂ ಆಚೆ ಹೋಗತ್ತೆ, ಬೇರಿಂಗ್ ಮೇಲೆ ಹೊರೆ ಏರತ್ತೆ, ಸ್ಟಡ್‌ನಲ್ಲಿ ನಟ್ಟಿಗೆ ಸಿಗೋ ಎಳೆ ಕಮ್ಮಿ ಆಗತ್ತೆ. ಟಯರ್ ಚೆಂದಕ್ಕೆ ಚಕ್ರಾನೇ ಕಳ್ಕೋಬೇಡ.

ಗುರು: ಆಯ್ತಪ್ಪ, 235ನೇ. ಆದ್ರೆ ಆರು ಯಾಕೆ? ಹಿಂದೆ ಹೊರಗಿನವು ಎರಡು ಹೊಸದು ಸಾಕಲ್ಲ.

ಪಾರ್ವತಿ: ಇದು ಇನ್ನೂ ಚೆನ್ನಾಗಿದೆ! ಹಳೇದರ ನೆಲ ಮುಟ್ಟೋ ರಬ್ಬರ್ 4 ಮಿ.ಮೀ. ಸವೆದಿದ್ರೆ ವ್ಯಾಸ 8 ಕಮ್ಮಿ. ಜೋಡಿಯಲ್ಲಿ ವ್ಯಾಸದ ಅಂತರ 6 ದಾಟಬಾರದು.

ಉಮೇಶ: ಎತ್ತರ ತಗ್ಗಿನ ಎತ್ತು ಕಟ್ಟಿದ್ರೆ ನೊಗ ವಾಲತ್ತೆ, ಅಷ್ಟೇ ತಾನೆ?

ಶೇಷಣ್ಣ: ಎತ್ತುಗಳಾದ್ರೆ ಒಂದು ಸ್ವಲ್ಪ ಹಿಂದೆ ಬೀಳಬಹುದು. ಇಲ್ಲಿ ಎರಡೂ ಒಂದೇ ಹಬ್ಬಿಗೆ ಬಿಗಿದಿವೆ, ಸುತ್ತು ಒಂದೇ. ವ್ಯಾಸ 6 ಕಮ್ಮಿ ಅಂದ್ರೆ ಸುತ್ತಳತೆ 19 ಮಿ.ಮೀ. ಕಮ್ಮಿ. ಕಿಲೋಮೀಟರಿಗೆ ಸುಮಾರು 400 ಸುತ್ತು. ಅಂದ್ರೆ ಪ್ರತಿ ಕಿಲೋಮೀಟರಿಗೂ ಚಿಕ್ಕದು ಏಳೂವರೆ ಮೀಟರ್ ರಸ್ತೆ ಮೇಲೆ ತೇಯ್ದುಕೊಂಡೇ ಹೋಗ್ಬೇಕು. ದೊಡ್ಡದು ಭಾರ ಹೊತ್ತು ಸಾಯತ್ತೆ, ಚಿಕ್ಕದು ತೇಯ್ದು ಸಾಯತ್ತೆ. ಗಾಳಿ ತುಂಬಿದ ಮೇಲೆ ಟೇಪ್ ಸುತ್ತಿ ಅಳೆ. ಚೂರು ವ್ಯತ್ಯಾಸ ಇದ್ರೆ ದೊಡ್ಡದು ಹೊರಗೆ. ರಸ್ತೆ ಮಧ್ಯ ಉಬ್ಬಿರೋದ್ರಿಂದ ಒಳಗಿನದಕ್ಕೆ ಹೇಗೂ ಹೊರೆ ಜಾಸ್ತಿ.

ಉಮೇಶ: ಗಾಳಿ ನೋಡೋದು ಸುಲಭ ಬಿಡಿ. ನಮ್ಮ ಕಡೆ ಲಾರಿ ಕ್ಲೀನರ್ ರಾಡ್‌ನಲ್ಲಿ ಕುಟ್ಟಿ ಸದ್ದಲ್ಲೇ ಹೇಳ್ತಾನೆ.

ಶೇಷಣ್ಣ: ಪೂರಾ ಇಳಿದಿದ್ರೆ ಹೇಳ್ತಾನೆ. 80 ಪಿಎಸ್‌ಐ ಇರಬೇಕಾದಲ್ಲಿ 60 ಇದ್ರೆ ಸದ್ದು ಅದೇ ಠಣ್. ಕಣ್ಣಿಗೂ ಕಾಣಲ್ಲ, ಪಕ್ಕದವನು ಎತ್ತಿ ಹಿಡಿದಿರ್ತಾನೆ. ನೂರಕ್ಕೆ 20 ಇಳಿದ್ರೆ, ಅಂದ್ರೆ 64ಕ್ಕೆ ಬಂದ್ರೆ, ಪಂಕ್ಚರ್ ಅಂತಲೇ ಲೆಕ್ಕ. ಬಿಚ್ಚಿ ಒಳಗೆ ನೋಡ್ಬೇಕು. ಉದ್ದ ಕತ್ತಿನ ಗೇಜ್ ಕೊಂಡ್ಕೋ. ಚಕ್ರ ಕಟ್ಟುವಾಗ ಎರಡು ವಾಲ್ವ್ ಎದುರುಬದುರು ಬರೋ ಹಾಗೆ ಇಡ್ಸು, ಇಲ್ಲಾಂದ್ರೆ ಒಳಗಿನದಕ್ಕೆ ಕೈ ಎಟುಕಲ್ಲ. 160 ಕಿ.ಮೀ. ಓಡಿಸಿ ನಟ್ಟುಗಳನ್ನ ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಂದ್ಸಲ ಬಿಗಿ.

ಪಾರ್ವತಿ: ಮತ್ತೆ ಗುರು, ಕಾಸು ಉಳಿಸೋಕೆ ಪಕ್ಕೆ ಮೇಲೆ ‘ಎಲ್‌ಟಿ’, ಅಂದ್ರೆ ಲೈಟ್ ಟ್ರಕ್, ಅಂತ ಇಲ್ಲದ್ದು ತರಬೇಡ. ಎಲ್‌ಟಿ, ಭಾರ ಹೊರೋ ದರ್ಜೆ ಅಂದ್ರೆ ಲೋಡ್ ರೇಂಜ್ ‘ಇ’, ಎರಡೂ ಇರ್ಬೇಕು.

ಗುರು: ಸರಿ ತಾಯಿ, ಆರು ಟಯರ್. ಸ್ಟೆಪ್ನಿ ಅಂತೂ ಹೊಸದಿದೆ, ಹಿಂದಿನ ಓನರ್ ಕೊಟ್ಟಿದ್ದು.

ಶೇಷಣ್ಣ: ಅಳತೆ ಓದಿದ್ಯಾ?

(ಗುರು ಕಪ್ ಕೆಳಗಿಟ್ಟು, ಅಂಗಾತ ಮಲಗಿ ಗಾಡಿ ಕೆಳಗೆ ತೆವಳುತ್ತಾನೆ.)

ಗುರು: ಎರಡ್... ನೂರಾ... ನಲವತ್ತೈದು, 75, ಆರ್17.

ಪಾರ್ವತಿ: 799. ಒಂಬತ್ತು ಮಿ.ಮೀ. ಕಮ್ಮಿ. ಹಿಂದಿನ ಜೋಡಿಗೆ ಆಗಲ್ಲ. ಅದಕ್ಕೂ ಆರೂವರೆ ಇಂಚಿನ ರಿಮ್ ಬೇಕು, ಆ ಮಹಾನುಭಾವ ಆರರ ಮೇಲೇ ಹಾಕ್ಸಿದಾನೆ.

ಗುರು: ಹಾಗಾದ್ರೆ ಈಗ?

ಶೇಷಣ್ಣ: ಏಳು.

ಗುರು: ಏಳ್ತೀನಿ ಇರಿ, ಮೊದ್ಲು ಟಯರ್ ವಿಷ್ಯ ಹೇಳಿ.

ಶೇಷಣ್ಣ: ಅದನ್ನೇ ಹೇಳ್ತಿರೋದು ಕಣೋ. ಏಳು!